ಟಿವಿ ಪ್ರಕಾರ ಬಸ್ಸು ಖಾಲಿ

ನಮ್ಮ ಆಫೀಸಿನ ಗೋಡೆಗೆ ಆ ಟಿವಿ ಬಂದಾಗಿನಿಂದ ವಾರಕ್ಕೊಂದಾದರೂ ಇಂಥದ್ದು ನಡೆಯುತ್ತಲೇ ಇದೆ. ನಡೆಯದ ವಾರ ನನಗೇ ಏನೋ ಬಿಟ್ಟುಹೋದಂತಾಗಿ, ಎದ್ದು ಹೋಗಿ ಟಿವಿಯ ಪ್ಲಗ್ಗು ಸರಿಯಾಗಿದೆಯಾ ಅಂತ ನೋಡಿಬರುತ್ತೇನೆ.

ಆಫೀಸು ಅಂದರೆ ದೊಡ್ಡದೇನಲ್ಲ. ಮಧುಗಿರಿ ಬಸ್ ಸ್ಟ್ಯಾಂಡಿನ ಪಕ್ಕ ಒಂದು ಶೀಟಿನ ಕೋಣೆ, ಒಂದು ಮೇಜು, ಒಂದು ಫ್ಯಾನು, ಆಮೇಲೆ ನಾನು. ನಾಲ್ಕು ಬಸ್ಸಿನ ಖಾಸಗಿ ಕಂಪನಿಗೆ ಇಪ್ಪತ್ತೆರಡು ವರ್ಷದಿಂದ ನಾನೇ ಮ್ಯಾನೇಜರು. ಒಂದು ಬಸ್ಸು ಶಿರಾಕ್ಕೆ, ಒಂದು ಕೊರಟಗೆರೆ ಮೇಲೆ ಗೊರವನಹಳ್ಳಿಗೆ, ಒಂದು ಕೊಡಿಗೇನಹಳ್ಳಿಗೆ, ಇನ್ನೊಂದು ಮಿಡಿಗೇಶಿ ಮೇಲೆ ಪಾವಗಡಕ್ಕೆ. ಮಿಡಿಗೇಶಿ ನನ್ನ ಊರು. ದಿನಾ ಹೋಗಿಬರುವುದು ಪಾವಗಡದ ಬಸ್ಸಿನಲ್ಲೇ, ಅದೂ ನಿಂತುಕೊಂಡು.

ನಮ್ಮ ಯಜಮಾನರಿಗೆ ಅರವತ್ತು ದಾಟಿದೆ. ಹಿಂದೆ ಅವರು ಬೆಳಿಗ್ಗೆ ಏಳಕ್ಕೆ ಬಂದು ಬೆಂಚಿನ ಮೇಲೆ ಕೂತು, ಹೊರಡುವ ಬಸ್ಸಿನ ಹಿಂದಿನ ಟೈರು ನೋಡುತ್ತಿದ್ದರು. ಟೈರು ಅಮುಕಿದ್ದರೆ ಆ ರೂಟು ಚೆನ್ನಾಗಿದೆ, ಅಮುಕದಿದ್ದರೆ ಚೆನ್ನಾಗಿಲ್ಲ. ಇಷ್ಟರ ಮೇಲೆಯೇ ಎಲ್ಲ ತೀರ್ಮಾನವೂ ಆಗುತ್ತಿತ್ತು. ಆಮೇಲೆ ಅವರು ತುಮಕೂರಿನಲ್ಲಿ ವ್ಯಾಪಾರಸ್ಥರಿಗೆ ಅಂತ ನಡೆದ ಎರಡು ದಿನದ ಶಿಬಿರಕ್ಕೆ ಹೋದರು. ಬರುವಾಗ ಒಂದು ಫೈಲು, ಒಂದು ಪುಕ್ಕಟೆ ಬ್ಯಾಗು, ಒಂದು ಮಾತು ತಂದರು. ಆ ಮಾತನ್ನು ಪೇಂಟರನ್ನು ಕರೆಸಿ ನನ್ನ ತಲೆಯ ಹಿಂದಿನ ಗೋಡೆಗೆ ಬರೆಸಿದರು: ‘ಡೇಟಾ ಹೇಳಿದ್ದೇ ನಿರ್ಧಾರ.’

ಒಂದು ವಾರದಲ್ಲಿ ಪ್ರತಿ ಬಸ್ಸಿನ ಬಾಗಿಲ ಮೇಲೂ ಹೆಬ್ಬೆರಳಷ್ಟು ದಪ್ಪದ ಕಪ್ಪು ಕಣ್ಣು ಬಂತು. ಹತ್ತಿದವರನ್ನು ಕೂಡಿಸುವುದು, ಇಳಿದವರನ್ನು ಕಳೆಯುವುದು ಅದರ ಕೆಲಸ. ಆ ಲೆಕ್ಕವೆಲ್ಲ ಗೋಡೆಯ ಟಿವಿಗೂ ಯಜಮಾನರ ಫೋನಿಗೂ ಬರುತ್ತದೆ. ಬಸ್ಸಿನ ಗೆರೆಗೆ ಮಾತ್ರ ದಿನವಿಡೀ ಹತ್ತಿದವರ ಲೆಕ್ಕವೊಂದೇ ಸಾಕು, ಇಳಿದವರದು ಬೇಡ. ಜನ ಇದ್ದರೆ ಅದು ಹಸಿರು, ಸುಮಾರಾಗಿದ್ದರೆ ಹಳದಿ, ಇಲ್ಲದಿದ್ದರೆ ಕೆಂಪು. ಆಯುಧಪೂಜೆಯ ದಿನ ಯಜಮಾನರೇ ತಮ್ಮ ಕೈಯಾರೆ ಎಲ್ಲಕ್ಕೂ ಪೂಜೆ ಮಾಡಿದರು. ನನ್ನ ಕೀಬೋರ್ಡಿಗೆ ಎಷ್ಟು ಕುಂಕುಮ ಸುರಿದರೆಂದರೆ ಎಂಟರ್ ಗುಂಡಿ ಒತ್ತಿದರೆ ಮೇಲೇಳುತ್ತಿರಲಿಲ್ಲ. ಹೇರ್‌ಪಿನ್ನಿನಿಂದ ಕೆರೆದು ತೆಗೆಯುವುದಕ್ಕೆ ನನಗೆ ಅರ್ಧ ದಿನ ಹಿಡಿಯಿತು.

ಪೂಜೆ ಮುಗಿದ ಮೇಲೆ ಎರಡು ನಿಯಮ ಓದಿದರು. ಒಂದು, ಸಂಕ್ರಾಂತಿಯವರೆಗೂ ಒಂದೇ ಸಮ ಕೆಂಪಾಗಿರುವ ಬಸ್ಸನ್ನು ನಿಲ್ಲಿಸಿಬಿಡುವುದು. ಎರಡು, ಮಿತಿಗಿಂತ ಹೆಚ್ಚು ಜನ ಹತ್ತಿ ಯಂತ್ರ ಕೂಗಿದರೆ, ಕೊನೆಗೆ ಹತ್ತಿದವರು ಯಾರೇ ಆಗಿರಲಿ, ಇಳಿಸಲೇಬೇಕು. ಡ್ರೈವರು ಕಂಡಕ್ಟರುಗಳಿಂದ ಸಹಿ ಹಾಕಿಸಿ, ಒಂದೊಂದು ಪ್ರತಿಯನ್ನು ಬಸ್ಸುಗಳಿಗೆ ಅಂಟಿಸಿದರು. ಎರಡನೆಯ ನಿಯಮದ ಬಿಸಿ ಬೇಗ ತಟ್ಟಿತು. ಶಿರಾ ಬಸ್ಸಿನಲ್ಲಿ ಮದುವೆಗೆ ಹೊರಟಿದ್ದ ಗಂಡಿನ ಸೋದರಮಾವನನ್ನೇ ನಡುದಾರಿಯಲ್ಲಿ ಇಳಿಸಿದರು. ಮೊದಲನೆಯ ನಿಯಮಕ್ಕೆ ಬಲಿಯಾಗುವವರು ಯಾರು ಅನ್ನುವುದು ಮಾತ್ರ ಮೊದಲ ದಿನವೇ ಗೊತ್ತಾಗಿಹೋಯಿತು. ಪಾವಗಡದ ಬಸ್ಸಿನ ಗೆರೆ ಕೆಂಪಗೆ ಹುಟ್ಟಿತು, ಕೆಂಪಗೇ ಉಳಿಯಿತು. ಪ್ರಯಾಣಿಕರು: ಸೊನ್ನೆ.

೧. ಶಿರಾದಲ್ಲಿ ಏನಾಯಿತು?

ಶಿರಾ ಬಸ್ಸಿನ ಕಂಡಕ್ಟರು ಒಂದು ಕಡೆ ನಿಲ್ಲುವ ಆಸಾಮಿಯಲ್ಲ. ಬಸ್ಸು ನಿಲ್ಲುವ ಮೊದಲೇ ಧುಮುಕುತ್ತಾನೆ. ಹಿಂದಕ್ಕೆ ಓಡಿ ಯಾರದೋ ಮೂಟೆ ಎತ್ತಿಕೊಟ್ಟು ನೆಗೆದು ಹತ್ತುತ್ತಾನೆ, ಇನ್ಯಾರೋ ಕೂಗಿದರು ಅಂತ ಮತ್ತೆ ಇಳಿಯುತ್ತಾನೆ. ಒಂದು ಸ್ಟಾಪಿನಲ್ಲಿ ಐದಾರು ಸಲ ಆದರೂ ಆಯಿತು. ಬಾಗಿಲ ಮೇಲಿನ ಕಣ್ಣು ಇದನ್ನೆಲ್ಲ ಬಹಳ ಶ್ರದ್ಧೆಯಿಂದ ಎಣಿಸಿತು.

ಮೊದಲ ತಿಂಗಳೇ ಶಿರಾ ಗೆರೆ ಟಿವಿಯ ತುದಿ ಮುಟ್ಟಿತು. ಯಜಮಾನರಿಗೆ ಹಿಗ್ಗು. ಕಂಡಕ್ಟರನ್ನು ಕರೆಸಿ ಶಾಲು ಹೊದೆಸಿ, ‘ಅತಿ ಹೆಚ್ಚು ಪ್ರಯಾಣಿಕರನ್ನು ಆಕರ್ಷಿಸಿದವರು’ ಅಂತ ಕಟ್ಟು ಹಾಕಿಸಿದ ಸರ್ಟಿಫಿಕೇಟು ಕೊಟ್ಟರು. ಅವನು ಕಕ್ಕಾಬಿಕ್ಕಿಯಾಗಿ ನನ್ನ ಕಡೆ ನೋಡಿದ. ‘ಖುದಾ ಕಸಮ್ ಮೇಡಂ, ನಾನೇನೂ ಮಾಡಿಲ್ಲ. ಇಳ್ದಿದೀನಿ, ಹತ್ತಿದೀನಿ, ಬಸ್, ಅಷ್ಟೇ’ ಅಂದ. ಅವನು ನಿಜ ಹೇಳುತ್ತಿದ್ದಾನೆ ಅಂತ ಯಜಮಾನರಿಗೆ ಬಿಡಿಸಿ ಹೇಳಿದೆ. ಅದು ವಿನಯ ಕಣ್ರೀ, ದೊಡ್ಡ ಕೆಲಸ ಮಾಡಿದವರು ಹಾಗೇ ಮಾತಾಡೋದು ಅಂದರು.

ಮುಂದಿನ ವಾರ ಆ ಕಂಡಕ್ಟರಿಗೆ ಜ್ವರ ಬಂತು. ಬದಲಿಗೆ ಬಂದವನು ದಪ್ಪನೆಯ ಮನುಷ್ಯ. ಬೆಳಿಗ್ಗೆ ಮುಂದಿನ ಸೀಟಿನಲ್ಲಿ ಕೂತರೆ ಸಂಜೆ ಏಳುವವನು, ಟಿಕೆಟ್ಟನ್ನೂ ಕೈಯಿಂದ ಕೈಗೆ ದಾಟಿಸುವವನು. ಮಧ್ಯಾಹ್ನದ ಹೊತ್ತಿಗೆ ಶಿರಾ ಗೆರೆ ಹಳದಿಗೆ ಬಿತ್ತು. ಯಜಮಾನರು ಗಾಬರಿಯಲ್ಲಿ ಫೋನ್ ಮಾಡಿ ಶಿರಾ ಬಂದ್ ಏನಾದರೂ ಇದೆಯಾ ಅಂತ ಕೇಳಿದರು. ಇಲ್ಲ ಅಂದೆ. ಅಲ್ಲಿನ ಬಟ್ಟೆ ಅಂಗಡಿಯ ಸ್ನೇಹಿತರಿಗೆ ಫೋನ್ ಮಾಡಿ ವಿಚಾರಿಸಿದರು. ಪೇಟೆ ಗಿಜಿಗುಡುತ್ತಿದೆ ಅಂತ ಉತ್ತರ ಬಂತು. ಮತ್ತೆ ನನಗೆ ಫೋನು.

‘ಹಂಗಾದ್ರೆ ದಿನಾ ಹತ್ತೋ ಅಷ್ಟೊಂದು ಜನ ಇವತ್ತು ಎಲ್ ಹೋದ್ರು?’

‘ಜ್ವರ ಬಂದು ಮಲಗಿದಾರೆ ಸಾರ್’ ಅಂದೆ.

‘ಅಷ್ಟೂ ಜನಾನಾ?’

‘ಹೂಂ ಸಾರ್. ಅಷ್ಟೂ ಜನ ಒಂದೇ ಚಾಪೆ ಮೇಲೆ ಮಲಗಿದಾರೆ.’

೨. ಹುಣಸೆಮರದ ಕೆಳಗಿನ ಬೇಡಿಕೆ

ಗೊರವನಹಳ್ಳಿ ಬಸ್ಸಿನದು ಇನ್ನೊಂದು ಕಥೆ. ಲಕ್ಷ್ಮಿಯ ದರ್ಶನ ಮುಗಿಸಿ ವಾಪಸಾಗುವ ಭಕ್ತರು ಬುತ್ತಿ ಬಿಚ್ಚುವುದಕ್ಕೆ ಅಂತ ಕೊರಟಗೆರೆಗೆ ಮೊದಲು ಒಂದು ಹುಣಸೆಮರದ ಕೆಳಗೆ ಬಸ್ಸು ಕಾಲು ಗಂಟೆ ನಿಲ್ಲುತ್ತದೆ. ಪಕ್ಕದಲ್ಲಿ ಬೋರಿನ ಕೈಪಂಪು. ಇದು ಯಾರೂ ಬರೆದಿಟ್ಟ ಸ್ಟಾಪಲ್ಲ, ರೂಢಿ. ಸುತ್ತ ಎಲ್ಲಿ ನೋಡಿದರೂ ಒಂದು ಮನೆಯಿಲ್ಲ.

ಯಜಮಾನರು ಟಿವಿಯಲ್ಲಿ ಭೂಪಟ ತೆಗೆದು ನೋಡಿದಾಗ ಆ ಜಾಗದಲ್ಲಿ ಹಸಿರು ಬೊಟ್ಟೊಂದು ಮಿಣಮಿಣ ಅನ್ನುತ್ತಿತ್ತು. ದಿನಾ ನಲವತ್ತು ಜನ ಅಲ್ಲಿ ಹತ್ತುತ್ತಾರೆ ಅಂತ ಬರೆದಿತ್ತು. ಎಷ್ಟು ಜನ ಇಳಿಯುತ್ತಾರೆ ಅಂತ ನೋಡುವುದಕ್ಕೆ ಇನ್ನೊಂದು ಗುಂಡಿ ಒತ್ತಬೇಕಿತ್ತು, ಒತ್ತಲಿಲ್ಲ. ಇಷ್ಟು ವರ್ಷ ನಾವು ಕಣ್ಣುಮುಚ್ಚಿ ಕೂತಿದ್ದೆವು, ಅಲ್ಲೊಂದು ಊರೇ ಬಸ್ಸಿಗೆ ಕಾಯುತ್ತಿದೆ ಅಂದರು. ಸಾರ್, ಅದು ಊಟದ ಜಾಗ ಅಂತ ನಾನು ಬಾಯಿ ತೆಗೆಯುವಷ್ಟರಲ್ಲಿ ಗೋಡೆಯ ಬರಹದ ಕಡೆ ಬೆರಳು ತೋರಿಸಿದರು. ನಾನು ಬಾಯಿ ಮುಚ್ಚಿಕೊಂಡೆ. ನಿಜ ಹೇಳುತ್ತೇನೆ, ಆಮೇಲೆ ಏನಾಗುತ್ತದೋ ನೋಡುವ ಆಸೆಯೂ ನನಗಿತ್ತು.

ಶುಕ್ರವಾರ ಬೆಳಿಗ್ಗೆ ಹತ್ತೂವರೆಗೆ ಹುಣಸೆಮರದಿಂದ ಮಧುಗಿರಿಗೆ ವಿಶೇಷ ಬಸ್ಸು. ಕೊಡಿಗೇನಹಳ್ಳಿಯ ಬಸ್ಸನ್ನೇ ಆ ಒಂದು ಟ್ರಿಪ್ಪಿಗೆ ತಂದಿದ್ದರು. ಹೂವಿನ ಹಾರ, ತೆಂಗಿನಕಾಯಿ, ರಿಬ್ಬನ್ನು, ಕತ್ತರಿ ಎಲ್ಲ ಸಿದ್ಧ. ಮರದ ಕೆಳಗೆ ಇದ್ದವನು ಒಬ್ಬ ಕುರಿಗಾಹಿ, ಜೊತೆಗೆ ಅವನ ಕುರಿ. ಮುಕ್ಕಾಲು ಗಂಟೆ ಕಾದರೂ ಒಂದು ನರಪಿಳ್ಳೆಯೂ ಬರಲಿಲ್ಲ. ಕೊನೆಗೆ ಯಜಮಾನರು, ದಿನಾ ಇಲ್ಲಿ ಬಸ್ಸು ಹತ್ತುವ ನಲವತ್ತು ಜನ ಯಾವ ಕಡೆಯಿಂದ ಬರುತ್ತಾರಪ್ಪ ಅಂತ ಅವನನ್ನೇ ಕೇಳಿದರು.

ಅವನು ಕಂಬಳಿ ಸರಿಮಾಡಿಕೊಂಡು ನಿಧಾನವಾಗಿ ಹೇಳಿದ. ‘ಬತ್ತಾರೆ ಬುಡಿ ಸೋಮಿ. ಅನ್ನೊಂದೂವರೆಗೆ ನಿಮ್ ಬಸ್ನಾಗೇ ಬತ್ತಾರೆ. ಉಂಡು, ಕೈ ತೊಳ್ಕಂಡು, ನಿಮ್ ಬಸ್ನಾಗೇ ಓಯ್ತಾರೆ.’

೩. ಕೊನೇ ನಂಬರು ಸಾಯಂಕಾಲ

ಕೊಡಿಗೇನಹಳ್ಳಿ ಬಸ್ಸಿನಲ್ಲಿ ಬೆಳಿಗ್ಗೆ ಜನರಿಗಿಂತ ಊಟದ ಡಬ್ಬಿಗಳು ಜಾಸ್ತಿ. ಮಧುಗಿರಿಯಲ್ಲಿ ಕೆಲಸ ಮಾಡುವ ಗಂಡಂದಿರಿಗೆ ಊರಿಂದ ಹೆಂಡತಿಯರು ಕಳಿಸುತ್ತಾರೆ. ಡಬ್ಬಿ ಮೇಲೆ ಹೆಸರಿಲ್ಲ, ಚೀಟಿಯಿಲ್ಲ. ಹಸಿರು ಚೌಕ ಟೈಲರಿಗೆ, ನಾರು ಸುತ್ತಿದ್ದು ಜೆರಾಕ್ಸ್ ಅಂಗಡಿಯವನಿಗೆ, ಮುಚ್ಚಳ ತಗ್ಗಾಗಿದ್ದು ಮೇಷ್ಟ್ರಿಗೆ ಅಂತ ಕಂಡಕ್ಟರಿಗೆ ಗೊತ್ತು. ಒಂದು ದಿನವೂ ಅದಲುಬದಲಾದದ್ದಿಲ್ಲ. ಆದರೂ ವ್ಯವಸ್ಥೆ ಬೇಕು ಅಂತ ಯಜಮಾನರು ಪಾರ್ಸೆಲ್ಲಿಗೆ ಓಟಿಪಿ ತಂದರು. ಡಬ್ಬಿ ಕಳಿಸಿದವರ ಫೋನಿಗೆ ನಾಲ್ಕು ಅಂಕಿ ಬರುತ್ತದೆ, ಪಡೆಯುವವರು ಅದನ್ನು ನನಗೆ ಹೇಳಬೇಕು. ನಾನು ಕಂಪ್ಯೂಟರಿಗೆ ಹೊಡೆದ ಮೇಲೆಯೇ ಡಬ್ಬಿ ಕೈಗೆ.

ಎರಡು ದಿನ ಚೆನ್ನಾಗಿ ನಡೆಯಿತು. ಮೂರನೆಯ ದಿನ ಟೈಲರು ಬಂದು ಹೆಂಡತಿಗೆ ಫೋನ್ ಹಚ್ಚಿದ. ಹಿಂದಿನ ದಿನ ಮನೆಯಲ್ಲಿ ಏನೋ ಮಾತಾಗಿತ್ತು ಅಂತ ಕಾಣುತ್ತದೆ. ನಂಬರು ಹೇಳೇ ಅಂದ. ನೆನ್ನೆ ನಮ್ಮಮ್ಮನಿಗೆ ಅಂದದ್ದನ್ನು ಮೊದಲು ವಾಪಸ್ ತಗೊಳಯ್ಯ ಅಂತ ಆ ಕಡೆಯಿಂದ ಸ್ಪಷ್ಟವಾಗಿ ಕೇಳಿಸಿತು. ಬಸ್ ಸ್ಟ್ಯಾಂಡಿನ ಗಲಾಟೆಗೆ ಕೇಳಿಸುವುದಿಲ್ಲ ಅಂತ ಅವನು ಫೋನನ್ನು ಸ್ಪೀಕರಿಗೆ ಹಾಕಿಬಿಟ್ಟಿದ್ದ. ಡಬ್ಬಿಗೆ ಬಂದಿದ್ದ ಇನ್ನೂ ಎಂಟು ಗಂಡಂದಿರು ಹಿಂದೆ ಸಾಲಾಗಿ ನಿಂತಿದ್ದರು. ಡಬ್ಬಿ ನನ್ನ ಮೇಜಿನ ಮೇಲೆ, ಒಳಗಿಂದ ಅವರೆಕಾಳು ಸಾರಿನ ವಾಸನೆ.

ಮನುಷ್ಯ ಐದು ನಿಮಿಷ ಗಟ್ಟಿಯಾಗಿ ನಿಂತ. ಆಮೇಲೆ ಸೋತ. ಅತ್ತೆಯ ವಿಚಾರದಲ್ಲಿ ತಾನು ಆಡಿದ್ದು ತಪ್ಪು, ಇನ್ನು ಆಡುವುದಿಲ್ಲ ಅಂತ ಆ ಎಂಟು ಜನರ ಎದುರು ಒಪ್ಪಿಕೊಂಡ. ಹೆಂಡತಿ ಏಳು, ಎರಡು, ಒಂಬತ್ತು ಅಂತ ಹೇಳಿ ನಿಲ್ಲಿಸಿದಳು. ಇನ್ನೊಂದು ಅಂಕಿ ಅಂದ ಟೈಲರು.

‘ಅದನ್ನ ಸಾಯಂಕಾಲ ಮನೇಗ್ ಬಂದ್ ಮ್ಯಾಲೆ, ನಮ್ಮಮ್ಮನ್ ಎದುರ್ಗೇ ಏಳ್ತೀನಿ ಕಣಯ್ಯ’ ಅಂದು ಫೋನ್ ಇಟ್ಟಳು.

೪. ಖಾಲಿ ಬಸ್ಸು

ಇಷ್ಟೆಲ್ಲ ನಗುವಿನ ನಡುವೆ ಟಿವಿಯ ಕೊನೆಯ ಗೆರೆ ಮಾತ್ರ ಕೆಂಪಗೇ ಇತ್ತು. ಪಾವಗಡದ ಬಸ್ಸಿನ ಕಂಡಕ್ಟರಿಗೆ ಐವತ್ತೈದು ವಯಸ್ಸು. ಹದಿನೆಂಟು ವರ್ಷ ಅದೇ ಬಸ್ಸಿನ ಫುಟ್‌ಬೋರ್ಡಿನ ಮೇಲೆ ನಿಂತವನು, ಬೇರೆ ಕೆಲಸ ಗೊತ್ತಿಲ್ಲ. ಯಜಮಾನರು ಹಾಕಿದ ಗೆರೆ ದಾಟುವವನಲ್ಲ. ಸಂಕ್ರಾಂತಿ ಹತ್ತಿರ ಬಂದಂತೆ ಅವನು ಸೊರಗಿದ. ನಾನಂತೂ ಅವನ ಮುಖ ನೋಡದೆ ಟಿಕೆಟ್ ಲೆಕ್ಕ ಬರೆದುಕೊಳ್ಳುತ್ತಿದ್ದೆ, ಯಾಕೆಂದರೆ ಬಸ್ಸು ನಿಲ್ಲಿಸುವ ನೋಟೀಸು ಟೈಪ್ ಮಾಡಬೇಕಾದವಳು ನಾನು.

ಯಜಮಾನರಿಗೆ ನಾನು ಹೇಳದೆ ಬಿಟ್ಟಿಲ್ಲ. ಸಾರ್, ದಿನಾ ನಾನೇ ಆ ಬಸ್ಸಿನಲ್ಲಿ ಒಂದು ಕಾಲಿನ ಮೇಲೆ ನಿಂತು ಬರುತ್ತೇನೆ, ಸೊನ್ನೆ ಹೇಗಾಗುತ್ತದೆ ಅಂತ ಕೇಳಿದೆ. ‘ಅದು ನಿಮ್ಮ ಅನುಭವ ಕಣಮ್ಮ, ಇದು ಡೇಟಾ’ ಅಂದರು. ಯಂತ್ರ ಮಾರಿದ ಕಂಪನಿಯ ಸಹಾಯವಾಣಿಗೆ ಫೋನ್ ಮಾಡಿಸಿದೆ. ಅಲ್ಲಿನ ಹುಡುಗಿ ಏನೇನೋ ಪರೀಕ್ಷೆ ಮಾಡಿ, ಕರೆಂಟು ಇದೆ, ನೆಟ್‌ವರ್ಕ್ ಇದೆ, ಯಂತ್ರ ಸರಿಯಾಗಿದೆ, ಜನ ಮಾತ್ರ ಇಲ್ಲ ಅಂದಳು. ಟಿಕೆಟ್ ದುಡ್ಡಿನ ಚೀಲ ತುಂಬಿ ಬರುತ್ತಿದೆಯಲ್ಲ ಸಾರ್ ಅಂತ ಕೊನೆಯ ಬಾಣ ಬಿಟ್ಟೆ. ಯಜಮಾನರ ಕಣ್ಣಲ್ಲಿ ನೀರು ಬಂತು. ಪಾಪ, ಬಸ್ಸಿನ ಮೇಲಿನ ಪ್ರೀತಿಗೆ ಆ ಕಂಡಕ್ಟರು ಮನೆಯಿಂದ ತಂದು ಹಾಕುತ್ತಿರಬೇಕು, ಅವನ ಸಂಸಾರ ಹಾಳಾಗುವ ಮೊದಲು ಬಸ್ಸು ನಿಲ್ಲಿಸೋಣ ಅಂದರು. ನನಗೆ ಆ ಟಿವಿ ಕಿತ್ತು ಬೋರ್‌ವೆಲ್ಲಿಗೆ ಹಾಕುವಷ್ಟು ಸಿಟ್ಟು ಬಂದಿತ್ತು.

ಶಿರಾ ಕಂಡಕ್ಟರನ ಶಾಲಿನ ಗುಟ್ಟು ಪಾವಗಡದವನಿಗೂ ತಲುಪಿತ್ತು. ಒಂದು ದಿನ ಮಿಡಿಗೇಶಿಯಲ್ಲಿ ಬಸ್ಸು ನಿಂತಾಗ ಅವನು ಒಬ್ಬನೇ ಇಪ್ಪತ್ತು ಸಲ ಹತ್ತಿ ಇಳಿದ. ಮಂಡಿ ಹಿಡಿದುಕೊಂಡು ಕುಂಟುತ್ತಾ ಆಫೀಸಿಗೆ ಬಂದು ಟಿವಿ ನೋಡಿದ. ಸೊನ್ನೆ.

‘ನೇನು ಮನಿಷಿ ಕಾದಾ ಮೇಡಂ?’ ಅಂದ, ನಾನು ಮನುಷ್ಯ ಅಲ್ಲವಾ ಅಂತ. ‘ಜನಾನ್ ಬುಡಿ, ಅದು ನನ್ನೊಬ್ಬನ್ನೂ ಲೆಕ್ಕಕ್ ತಗೊಳ್ಳಿಲ್ಲ.’

ಸಂಕ್ರಾಂತಿಯ ಹಿಂದಿನ ದಿನ ಬಸ್ಸಿಗೆ ಗೌರವದ ಬೀಳ್ಕೊಡುಗೆ ಆಗಲಿ ಅಂತ ಯಜಮಾನರೇ ಬೆಳಗಿನ ಟ್ರಿಪ್ಪಿಗೆ ಹೊರಟರು. ಕಂಡಕ್ಟರಿಗೆ ಹೊದೆಸಲು ಶಾಲು ಅವರ ಕೈಯಲ್ಲಿ, ನೋಟೀಸು ನನ್ನ ಬ್ಯಾಗಿನಲ್ಲಿ. ಹಬ್ಬದ ಮುನ್ನಾದಿನ, ಬಸ್ಸಿನಲ್ಲಿ ಉಸಿರಾಡಲು ಜಾಗವಿಲ್ಲ. ಕಬ್ಬಿನ ಜಲ್ಲೆ, ಅವರೆಕಾಯಿ ಮೂಟೆ, ಎರಡು ಕುರಿಮರಿ. ಯಜಮಾನರು ಯಾರದೋ ಕಂಕುಳ ಕೆಳಗೆ ತಲೆ ತೂರಿಸಿ ನಿಂತಿದ್ದರು. ಅವರ ಕಾಲಿನ ಮೇಲೆ ಒಂದು ಕಡ್ಲೆಕಾಯಿ ಚೀಲ. ಹೇಗೋ ಕೈ ಬಿಡಿಸಿಕೊಂಡು ಫೋನನ್ನು ಕಣ್ಣಿನ ಹತ್ತಿರ ತಂದು ನೋಡಿದರು. ‘ಬಸ್ಸು ಖಾಲಿ ಇದೆ’ ಅಂತ ಬರೆದಿತ್ತು. ಅವರು ಫೋನನ್ನೂ ಜನರನ್ನೂ ಒಂದಾದ ಮೇಲೊಂದು ನಾಲ್ಕು ಸಲ ನೋಡಿದರು. ಹಿಂದಿನಿಂದ ಕಂಡಕ್ಟರು, ಒಳಕ್ಕೆ ಜರುಗಿ ಸ್ವಾಮಿ, ಒಳಗೆ ಖಾಲಿ ಐತೆ ಅಂದ. ಕಂಡಕ್ಟರುಗಳು ದಿನಾ ಅನ್ನುವ ಮಾತೇ ಅದು, ಅವನಿಗೆ ಬೇರೆ ಉದ್ದೇಶವಿರಲಿಲ್ಲ.

ಮಿಡಿಗೇಶಿಯಲ್ಲಿ ಟೀಗೆ ಅಂತ ಬಸ್ಸು ಹತ್ತು ನಿಮಿಷ ನಿಂತು ಎಲ್ಲರೂ ಇಳಿದರು. ಅವರೆಕಾಯಿ ಮೂಟೆಯ ಒಬ್ಬ ಅಜ್ಜಿ ಬಾಗಿಲ ಕೆಳಗೆ ನಿಂತು ಎಲೆಅಡಿಕೆ ಮಡಿಸುತ್ತಾ ಮೇಲೆ ನೋಡಿದಳು.

‘ಯಾರ್ಲಾ ಇದು, ಇದ್ರ ಕಣ್ಣಿಗೇ ಕುಂಕುಮ ಮೆತ್ತಿರೋದು? ಅಣೆಗಿಕ್ಕೋದಲ್ವೇನ್ಲಾ. ಕಣ್ಣಿಗಿಕ್ಕಿದ್ರೆ ಅದು ಎಂಗ್ ನೋಡೀತು?’

ನಾವೆಲ್ಲ ತಲೆ ಎತ್ತಿದೆವು. ಬಾಗಿಲ ಮೇಲಿನ ಕಣ್ಣಿನ ತುಂಬ ದುಂಡಗೆ, ದಪ್ಪಗೆ, ಆಗತಾನೆ ಇಟ್ಟಂಥ ಕುಂಕುಮ. ಇದು ಮೊದಲು ಕೊಂಡ ಬಸ್ಸು ಅಂತ ಆಯುಧಪೂಜೆಯ ದಿನ ಯಜಮಾನರು ಇದಕ್ಕೆ ಮಾತ್ರ ವಿಶೇಷ ಅಕ್ಕರೆಯಿಂದ ಬೊಟ್ಟಿಟ್ಟಿದ್ದು ನೆನಪಾಯಿತು. ಕೀಬೋರ್ಡನ್ನು ಹೇರ್‌ಪಿನ್ನಿನಿಂದ ಕೆರೆದುಕೊಂಡ ನಾನು ದಿನಾ ಈ ಬಾಗಿಲಲ್ಲೇ ಹತ್ತಿ ಇಳಿದರೂ ಒಂದು ದಿನವೂ ಮೇಲೆ ನೋಡಿರಲಿಲ್ಲ. ನನಗೆ ನಾಚಿಕೆಯಾಯಿತು.

ಆದರೆ ಮೂರು ತಿಂಗಳ ಹಿಂದಿನ ಕುಂಕುಮ ಇಷ್ಟು ಹೊಸದಾಗಿ ಹೇಗಿದೆ ಅಂತ ಯಜಮಾನರು ಮೆಲ್ಲಗೆ ಕೇಳಿದರು.

‘ನಾನೇ ಸ್ವಾಮಿ’ ಅಂದ ಕಂಡಕ್ಟರು, ಕೈ ಮುಗಿದು. ‘ಮೀರು ನಿಮ್ಮ ಕೈಯಾರೆ ಇಟ್ಟ ಕುಂಕುಮ, ಅಳಿಸಿದ್ರೆ ಬಸ್ಸಿಗೆ ಒಳ್ಳೇದಲ್ಲ. ಉದುರೋಗ್ತದೆ ಅಂತ ದಿನಾ ಪೊದ್ದುನ್ನೇ ಎದ್ದು ಒಂದ್ ಬೊಟ್ಟು ಹೊಸ್ದಾಗಿ ಇಕ್ತಿದ್ದೆ.’

ಮೂರು ತಿಂಗಳು ದಿನಾ ಬೆಳಿಗ್ಗೆ ಸ್ನಾನ ಮಾಡಿ, ಭಕ್ತಿಯಿಂದ, ತನ್ನ ಕೆಲಸ ತೆಗೆಸುವ ಏರ್ಪಾಡನ್ನು ತಾನೇ ಮಾಡಿಕೊಂಡು ಬಂದಿದ್ದ ಪುಣ್ಯಾತ್ಮ. ನನಗೆ ನಗು, ಅಳು ಎರಡೂ ಒಟ್ಟಿಗೆ ಬಂದವು. ಅಜ್ಜಿ ಯಾರ ಅಪ್ಪಣೆಯನ್ನೂ ಕಾಯಲಿಲ್ಲ. ಸೆರಗಿನ ತುದಿಯನ್ನು ಟೀ ಅಂಗಡಿಯ ನೀರಿಗೆ ಅದ್ದಿ, ಮೆಟ್ಟಿಲೇರಿ, ಮಗುವಿನ ಕಣ್ಣೊರೆಸಿದಂತೆ ಒರೆಸಿದಳು. ಬೆರಳಿಗೆ ಅಂಟಿದ ಕುಂಕುಮವನ್ನು ಕಣ್ಣಿಗಿಂತ ಒಂದು ಗೇಣು ಮೇಲೆ ಒತ್ತಿ, ಈಗ ನೋಡ್ಕೋ ಕಣಪ್ಪ ಅಂತ ಯಂತ್ರಕ್ಕೇ ಹೇಳಿ ಒಳಗೆ ಹೋದಳು. ಯಜಮಾನರ ಫೋನು ಟಿಂಗ್ ಅಂದಿತು. ಪ್ರಯಾಣಿಕರು: ಒಂದು.

ಆಮೇಲೆ ಯಜಮಾನರನ್ನು ಹಿಡಿಯುವವರಿಲ್ಲ. ಬಾಗಿಲ ಪಕ್ಕ ನಿಂತು ಎಲ್ಲರನ್ನೂ ಕೈಹಿಡಿದು ಹತ್ತಿಸಿದರು. ಒಬ್ಬೊಬ್ಬರು ಹತ್ತಿದಾಗಲೂ ಅಂಕಿಯನ್ನು ಗಟ್ಟಿಯಾಗಿ ಓದಿದರು. ಗೆರೆ ಕೆಂಪಿನಿಂದ ಹಳದಿಗೆ, ಹಳದಿಯಿಂದ ಹಸಿರಿಗೆ ಏರಿತು. ನನ್ನ ಬ್ಯಾಗಿನಿಂದ ನೋಟೀಸು ಈಸಿಕೊಂಡು ಹರಿದು ಟೀ ಅಂಗಡಿಯ ಒಲೆಗೆ ಹಾಕಿದರು. ಬೀಳ್ಕೊಡುಗೆಗೆ ತಂದ ಶಾಲನ್ನು ಸನ್ಮಾನ ಅಂತ ಕಂಡಕ್ಟರಿಗೆ ಹೊದೆಸಿ, ಇನ್ನು ಈ ಬಸ್ಸನ್ನು ನಿಲ್ಲಿಸುವ ಮಾತೇ ಇಲ್ಲ ಅಂದರು. ಅವನು ಶಾಲಿನ ತುದಿಯಿಂದ ಕಣ್ಣೊರೆಸಿಕೊಂಡ. ಎಲ್ಲರೂ ಹತ್ತಿ ಆದ ಮೇಲೆ ಯಜಮಾನರು ತೃಪ್ತಿಯಿಂದ ಮೆಟ್ಟಿಲ ಮೇಲೆ ಕಾಲಿಟ್ಟರು.

ಯಂತ್ರ ಕಿಟಾರನೆ ಕೂಗಿಕೊಂಡಿತು.

ಮೂರು ತಿಂಗಳಲ್ಲಿ ಈ ಬಸ್ಸಿನಲ್ಲಿ ಅದು ಮೊದಲ ಸಲ ಕೂಗಿದ್ದು. ಎಲ್ಲರ ಕಣ್ಣೂ ಡ್ರೈವರನ ಬೆನ್ನ ಹಿಂದೆ ಅಂಟಿಸಿದ್ದ ನಿಯಮದ ಹಾಳೆಯ ಕಡೆ ಹೋಯಿತು. ಕಂಡಕ್ಟರು ಹಾಳೆ ನೋಡಿದ, ಅದರ ಕೆಳಗಿನ ತನ್ನ ಸಹಿ ನೋಡಿದ, ಯಜಮಾನರನ್ನು ನೋಡಿದ. ಕುಂಕುಮ ಅಳಿಸದ ಮನುಷ್ಯ, ನಿಯಮ ಅಳಿಸಿಯಾನೇ? ಹೊಸ ಶಾಲಿನೊಳಗಿಂದಲೇ ಎರಡೂ ಕೈ ಜೋಡಿಸಿದ.

ಯಜಮಾನರು ತಕರಾರಿಲ್ಲದೆ ಇಳಿದರು. ಅಷ್ಟರಮಟ್ಟಿಗೆ ಅವರನ್ನು ಮೆಚ್ಚಲೇಬೇಕು. ಯಂತ್ರ ಸುಮ್ಮನಾಯಿತು, ಬಸ್ಸು ಹೊರಟಿತು. ಹಿಂದಿನ ಕಿಟಕಿಯಿಂದ ನೋಡಿದೆ. ಯಜಮಾನರು ಫೋನು ನೋಡುತ್ತಿರಲಿಲ್ಲ. ಟೀ ಅಂಗಡಿಯ ಮುಂದೆ ಸೊಂಟಕ್ಕೆ ಕೈಯಿಟ್ಟು, ಕತ್ತು ಬಗ್ಗಿಸಿ, ಬಸ್ಸಿನ ಹಿಂದಿನ ಟೈರು ನೋಡುತ್ತಿದ್ದರು. ಅದು ಚೆನ್ನಾಗಿ ಅಮುಕಿತ್ತು.

ಕಂಡಕ್ಟರು ಬಾಗಿಲಿಂದ ಅರ್ಧ ಮೈ ಹೊರಗೆ ಹಾಕಿ ಅವರಿಗೆ ಕೂಗಿ ಹೇಳಿದ. ‘ಬೇಜಾರ್ ಮಾಡ್ಕೋಬ್ಯಾಡಿ ಸ್ವಾಮಿ, ಅಲ್ಲೇ ನಿಂತಿರಿ. ವಾಪಸ್ ಬರೋವಾಗ ಹತ್ತಿಸ್ಕೊಂತೀನಿ.’ ಆಮೇಲೆ ಏನೋ ನೆನಪಾದವನಂತೆ, ಬಾಗಿಲ ಮೇಲಿನ ಕಣ್ಣಿನ ಕಡೆ ಒಮ್ಮೆ ನೋಡಿ ಸೇರಿಸಿದ.

‘ಖಾಲಿ ಇದ್ರೆ.’